ಸುಂಕದವನ ಮುಂದೆ ಸುಖದುಃಖ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬುದು ನಮ್ಮ ಹಳೆಯ ಗಾದೆ. ಸರಕು ಹೇರಿಕೊಂಡು ಊರಿಂದೂರಿಗೆ ಹೋಗುವವನು, ದಾರಿಯ ಕಟ್ಟೆಯಲ್ಲಿ ಕುಳಿತ ಸುಂಕದವನಿಗೆ ಎತ್ತು ಕುಂಟುತ್ತಿದೆ, ಈ ವರ್ಷ ಮಳೆಯಿಲ್ಲ, ಮಗಳ ಮದುವೆಯಾಗಬೇಕು ಎಂದು ಏನೆಲ್ಲ ಹೇಳಿಕೊಂಡರೂ ಅವನು ಕೇಳುವುದು ಒಂದೇ: ಹೇರಿನಲ್ಲಿ ಏನಿದೆ, ಎಷ್ಟಿದೆ? ಈ ಗಾದೆಯ ಹಿಂದೆ ಶತಮಾನಗಳ ಅನುಭವವಿದೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ತೆರಿಗೆಗಳ ಹೆಸರು ಮತ್ತೆ ಮತ್ತೆ ಎದುರಾಗುತ್ತವೆ. ಸುಂಕದ ಉಸ್ತುವಾರಿಗೆ ಸುಂಕವೆರ್ಗಡೆಗಳೆಂಬ ಅಧಿಕಾರಿಗಳೇ ಇದ್ದರು.

ಆ ಕಟ್ಟೆ ಈಗ ವಿಮಾನ ನಿಲ್ದಾಣಕ್ಕೆ ಬಂದಿದೆ. ಅದರ ಮುಂದೆ ನಿಲ್ಲುವವರೂ ಬದಲಾಗಿದ್ದಾರೆ. ಒಂದು ಕಾಲಕ್ಕೆ ವಿದೇಶ ಪ್ರಯಾಣವೆಂದರೆ ಓದಲು ಹೋಗುವ ತರುಣರದು, ವ್ಯಾಪಾರಿಗಳದು, ಅಧಿಕಾರಿಗಳದು. ಇಂದು ಬೆಂಗಳೂರು, ಮೈಸೂರು, ಶಿವಮೊಗ್ಗ, ಧಾರವಾಡಗಳಿಂದ ಹೊರಡುವವರಲ್ಲಿ ಅರವತ್ತು ದಾಟಿದ ತಂದೆ ತಾಯಂದಿರು ಬಹಳ ಮಂದಿ. ಮಗಳ ಬಾಣಂತನಕ್ಕೆಂದೋ, ಮೊಮ್ಮಗನ ನಾಮಕರಣಕ್ಕೆಂದೋ ಜೀವನದಲ್ಲಿ ಮೊದಲ ಬಾರಿಗೆ ಸಮುದ್ರ ದಾಟುವವರು ಇವರು. ಇವರು ಹೋಗುವ ಊರುಗಳಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಒಂದು. ಸಿಲಿಕಾನ್ ಕಣಿವೆ ಅದರ ಪಕ್ಕದಲ್ಲೇ ಇರುವುದರಿಂದ ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಕಡಿಮೆಯೇನಲ್ಲ.

ಮಕ್ಕಳು ಟಿಕೆಟ್ ಕಳಿಸುತ್ತಾರೆ, ವೀಸಾಕ್ಕೆ ಅರ್ಜಿ ತುಂಬುತ್ತಾರೆ, ಯಾವ ಸ್ವೆಟರ್ ತರಬೇಕೆಂದು ಹೇಳುತ್ತಾರೆ. ಆದರೆ ವಿಮಾನ ಇಳಿದ ಮೇಲೆ ಗಾಜಿನ ಗೂಡಿನ ಮುಂದೆ ನಿಂತು ಉತ್ತರ ಹೇಳಬೇಕಾದವರು ತಾಯಿ ತಂದೆಯೇ. ಮಗಳು ಹೊರಗೆ ಕಾಯುತ್ತಿರುತ್ತಾಳೆ, ಒಳಗೆ ಬರುವಂತಿಲ್ಲ. ಆ ಕೆಲವು ನಿಮಿಷಗಳಿಗೆ ಯಾವ ಸಿದ್ಧತೆ ಬೇಕು ಎಂಬುದನ್ನು ತಿಳಿಯಲು, ಆ ಗೂಡು ಅಲ್ಲಿಗೆ ಹೇಗೆ ಬಂತು ಎಂಬುದನ್ನೂ ಸ್ವಲ್ಪ ತಿಳಿಯಬೇಕಾಗುತ್ತದೆ.

ಎರಡು ಪ್ರಶ್ನೆ

ವಿದೇಶದ ಬಾಗಿಲಲ್ಲಿ ನಡೆಯುವ ತಪಾಸಣೆ ಎಷ್ಟೇ ಜಟಿಲವಾಗಿ ಕಂಡರೂ ಮೂಲದಲ್ಲಿ ಇರುವುದು ಎರಡೇ ಪ್ರಶ್ನೆ. ಒಂದು, ನೀವು ಯಾರು, ಏಕೆ ಬಂದಿರಿ? ಇದು ಇಮಿಗ್ರೇಷನ್, ಅಂದರೆ ವಲಸೆ ತಪಾಸಣೆ. ಇನ್ನೊಂದು, ಏನು ತಂದಿರಿ? ಇದು ಕಸ್ಟಮ್ಸ್, ನಮ್ಮ ಹಳೆಯ ಸುಂಕದ ಕಟ್ಟೆ. ಅಮೆರಿಕದಲ್ಲಿ ಮನುಷ್ಯರನ್ನು ನೋಡುವವರು, ಸರಕು ನೋಡುವವರು, ಹಣ್ಣು ಕಾಯಿ ಬೀಜಗಳನ್ನು ನೋಡುವವರು ಬೇರೆ ಬೇರೆ ಇಲಾಖೆಗಳಲ್ಲಿದ್ದರು. 2003ರಲ್ಲಿ ಈ ಮೂವರನ್ನೂ ಒಂದೇ ಸಂಸ್ಥೆಯ ಕೆಳಗೆ ತರಲಾಯಿತು. ಆದ್ದರಿಂದ ನೀಲಿ ಸಮವಸ್ತ್ರದ ಒಬ್ಬನೇ ಅಧಿಕಾರಿ ‘ಎಷ್ಟು ದಿನ ಇರುತ್ತೀರಿ?’ ಎಂದು ಕೇಳಿದ ಬಾಯಲ್ಲೇ ‘ತಿನ್ನುವ ಪದಾರ್ಥ ಏನಾದರೂ ತಂದಿದ್ದೀರಾ?’ ಎಂದೂ ಕೇಳಿದರೆ ಆಶ್ಚರ್ಯಪಡಬೇಕಿಲ್ಲ.

ಎರಡೂ ಪ್ರಶ್ನೆಗಳ ಹಿಂದೆ ಒಂದೊಂದು ಭಯವಿದೆ. ಬಂದವರು ಹಿಂದಿರುಗದೆ ಉಳಿದುಬಿಟ್ಟರೆ ಎಂಬುದು ಮೊದಲನೆಯದು. ಬಂದ ಸರಕಿನೊಳಗೆ ನಮ್ಮ ಬೆಳೆಯನ್ನು ತಿನ್ನುವ ಹುಳು ಇದ್ದರೆ ಎಂಬುದು ಎರಡನೆಯದು. ಸ್ಯಾನ್ ಫ್ರಾನ್ಸಿಸ್ಕೊ ಇರುವ ಕ್ಯಾಲಿಫೋರ್ನಿಯಾದಲ್ಲಿ ಈ ಎರಡು ಭಯಗಳಿಗೂ ದೀರ್ಘ ಇತಿಹಾಸವಿದೆ.

ಕೊಲ್ಲಿಯ ನಡುವಿನ ದ್ವೀಪ

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಏಂಜೆಲ್ ಐಲೆಂಡ್ ಎಂಬ ದ್ವೀಪವಿದೆ. 1910ರಿಂದ 1940ರವರೆಗೆ ಪೆಸಿಫಿಕ್ ಸಾಗರ ದಾಟಿ ಹಡಗಿನಲ್ಲಿ ಬಂದವರ ತಪಾಸಣೆ ನಡೆಯುತ್ತಿದ್ದುದು ಇಲ್ಲಿ. ಚೀನೀಯರು, ಜಪಾನೀಯರು, ಪಂಜಾಬಿನಿಂದ ಬಂದ ನಮ್ಮವರು ಹೀಗೆ ಲಕ್ಷಾಂತರ ಜನರ ಹಣೆಬರಹ ಇಲ್ಲಿ ನಿರ್ಧಾರವಾಯಿತು.

ಅತಿ ಹೆಚ್ಚು ಪಾಡುಪಟ್ಟವರು ಚೀನೀಯರು. ಚೀನೀ ಕೂಲಿಗಾರರು ದೇಶದೊಳಕ್ಕೆ ಬಾರದಂತೆ ಅಮೆರಿಕ 1882ರಲ್ಲೇ ಕಾನೂನು ಮಾಡಿತ್ತು. ಆದರೆ ಅಮೆರಿಕದಲ್ಲಿ ಹುಟ್ಟಿದವರಿಗೆ, ಅವರ ಮಕ್ಕಳಿಗೆ ಅದು ಅಡ್ಡಿಯಾಗುತ್ತಿರಲಿಲ್ಲ. 1906ರ ಭೂಕಂಪ ಮತ್ತು ಅದರ ಬೆನ್ನಿಗೇ ಎದ್ದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಜನನ ದಾಖಲೆಗಳು ಸುಟ್ಟುಹೋದವು. ‘ನಾನು ಇಲ್ಲೇ ಹುಟ್ಟಿದವನು’ ಎಂದು ಯಾರಾದರೂ ಹೇಳಿದರೆ ಅಲ್ಲವೆನ್ನಲು ಕಾಗದವಿರಲಿಲ್ಲ. ಹಾಗೆ ನಾಗರಿಕರಾದವರು ಚೀನಾದಲ್ಲಿ ತಮಗೆ ಇಷ್ಟು ಗಂಡುಮಕ್ಕಳಿದ್ದಾರೆಂದು ಬರೆಸುತ್ತಿದ್ದರು. ಆ ಹೆಸರಿನಲ್ಲಿ ಬೇರೆಯವರ ಮಕ್ಕಳು ಹಣ ಕೊಟ್ಟು ಬರುತ್ತಿದ್ದರು. ಇವರನ್ನು ‘ಕಾಗದದ ಮಕ್ಕಳು’ ಎಂದೇ ಕರೆಯಲಾಯಿತು.

ಇದನ್ನು ಪತ್ತೆಹಚ್ಚಲು ಅಧಿಕಾರಿಗಳು ಪ್ರಶ್ನೆಗಳ ಒಂದು ಜಾಲವನ್ನೇ ಹೆಣೆದರು. ನಿಮ್ಮ ಮನೆಯ ಮುಂದೆ ಎಷ್ಟು ಮೆಟ್ಟಿಲು? ಬಾವಿ ಯಾವ ದಿಕ್ಕಿಗಿದೆ? ಎರಡನೆಯ ಸಾಲಿನ ಮೂರನೆಯ ಮನೆಯಲ್ಲಿ ಯಾರಿದ್ದಾರೆ? ಮಗನಿಗೆ ಕೇಳಿದ್ದನ್ನೇ ನಗರದಲ್ಲಿದ್ದ ತಂದೆಯನ್ನೂ ಕರೆಸಿ ಕೇಳುತ್ತಿದ್ದರು. ಉತ್ತರ ತಾಳೆಯಾಗದಿದ್ದರೆ ಮರಳುವ ಹಡಗು. ಬರುವವರು ಉತ್ತರಗಳ ಪುಸ್ತಕವನ್ನೇ ಉರುಹೊಡೆದು, ದಡ ಹತ್ತಿರವಾದಾಗ ಅದನ್ನು ಸಮುದ್ರಕ್ಕೆ ಎಸೆಯುತ್ತಿದ್ದರಂತೆ. ಕಾಗದದ ಮಗನಲ್ಲದೆ ನಿಜವಾದ ಮಗನೇ ಆಗಿದ್ದರೂ ಮೆಟ್ಟಿಲುಗಳ ಲೆಕ್ಕ ತಪ್ಪಿದರೆ ಅವನ ಗತಿಯೂ ಅಷ್ಟೆ. ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲಿ ಕೂಡಿಹಾಕಿದವರು ಬ್ಯಾರಕ್ಕಿನ ಮರದ ಗೋಡೆಗಳ ಮೇಲೆ ಚೀನೀ ಭಾಷೆಯಲ್ಲಿ ಪದ್ಯಗಳನ್ನು ಕೆತ್ತಿದರು. ಆ ಕಟ್ಟಡವನ್ನು ಕೆಡವಲು ಹೊರಟಿದ್ದಾಗ, 1970ರಲ್ಲಿ, ಉದ್ಯಾನದ ಕಾವಲುಗಾರನೊಬ್ಬ ಅವನ್ನು ಗಮನಿಸಿದ್ದರಿಂದ ಅವು ಉಳಿದವು. ಇಂದು ಅದೊಂದು ವಸ್ತುಸಂಗ್ರಹಾಲಯ. ಮಗಳ ಮನೆಗೆ ಹೋದವರು ಗೋಲ್ಡನ್ ಗೇಟ್ ಸೇತುವೆಯ ಜೊತೆಗೆ ಇದನ್ನೂ ದೋಣಿಯಲ್ಲಿ ಹೋಗಿ ನೋಡಿ ಬರಬಹುದು.

ನಮ್ಮ ಜನರಿಗೂ ಆ ಬಾಗಿಲು ಸುಲಭವಾಗಿ ತೆರೆದದ್ದಲ್ಲ. 1917ರ ಕಾನೂನು ಏಷ್ಯಾದ ದೊಡ್ಡ ಭಾಗಕ್ಕೇ ಬಾಗಿಲು ಹಾಕಿತು. ಭಾರತ ಅದರೊಳಗೆ ಸೇರಿತ್ತು. ಭಾರತೀಯರು ಅಮೆರಿಕದ ಪ್ರಜೆಗಳಾಗಲು ಅರ್ಹರಲ್ಲವೆಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1946ರಲ್ಲಿ ವರ್ಷಕ್ಕೆ ನೂರು ಮಂದಿಯಂತೆ ಕಿಂಡಿಯೊಂದು ತೆರೆಯಿತು. ನಮ್ಮ ಎಂಜಿನಿಯರುಗಳೂ ವೈದ್ಯರೂ ದೊಡ್ಡ ಸಂಖ್ಯೆಯಲ್ಲಿ ಹೋಗುವಂತಾದದ್ದು 1965ರ ಕಾನೂನಿನ ನಂತರ.

‘ನೋಡುವುದು’ ಮತ್ತು ‘ನೋಡಿಕೊಳ್ಳುವುದು’

ಮೆಟ್ಟಿಲುಗಳ ಲೆಕ್ಕವನ್ನು ಈಗ ಯಾರೂ ಕೇಳುವುದಿಲ್ಲ. ಆದರೆ ಸಂಶಯದಿಂದ ಆರಂಭಿಸುವ ಪದ್ಧತಿ ಉಳಿದಿದೆ, ಅದೂ ಕಾನೂನಿನ ರೂಪದಲ್ಲಿ. 1952ರ ಅಮೆರಿಕದ ವಲಸೆ ಕಾನೂನಿನ ಪ್ರಕಾರ ಪ್ರವಾಸಿಯಾಗಿ ಬರುವ ಪ್ರತಿಯೊಬ್ಬನನ್ನೂ ಅಲ್ಲೇ ನೆಲೆಸಲು ಬಂದವನೆಂದೇ ಭಾವಿಸಬೇಕು. ಹಾಗಲ್ಲ ಎಂದು ತೋರಿಸುವ ಹೊಣೆ ಬಂದವನದು. ವೀಸಾ ಕೊಡುವ ಕಚೇರಿಯಲ್ಲೂ ಇದೇ ನಿಯಮ, ನಿಲ್ದಾಣದ ಗೂಡಿನಲ್ಲೂ ಇದೇ. ಅಧಿಕಾರಿ ಬಿಗುವಾಗಿ ಮಾತನಾಡಿದರೆ ಅದು ನಮ್ಮ ಮೇಲಿನ ವೈಯಕ್ತಿಕ ಅವಿಶ್ವಾಸವೆಂದು ತಿಳಿಯಬೇಕಿಲ್ಲ. ಕಾನೂನು ಅವನಿಗೆ ಒಪ್ಪಿಸಿರುವ ಅವಿಶ್ವಾಸ ಅದು.

ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ನಾಲ್ಕೈದು. ಏಕೆ ಬಂದಿರಿ? ಯಾರ ಮನೆಗೆ? ಅವರು ಏನು ಮಾಡುತ್ತಾರೆ? ಎಷ್ಟು ದಿನ ಇರುತ್ತೀರಿ? ಹಿಂದೆ ಬಂದಿದ್ದಿರಾ? ಉತ್ತರ ಗೊತ್ತಿಲ್ಲದವರು ಯಾರೂ ಇಲ್ಲ. ತೊಂದರೆಯಾಗುವುದು ಭಾಷೆಯಲ್ಲಿ. ಕನ್ನಡದಲ್ಲಿ ‘ಕೆಲಸ’ ಎಂಬ ಮಾತಿಗೆ ಹತ್ತು ಅರ್ಥಗಳಿವೆ. ‘ಏನು ಕೆಲಸದ ಮೇಲೆ ಬಂದಿರಿ?’ ಎಂದು ನೆಂಟರನ್ನೂ ಕೇಳುತ್ತೇವೆ. ‘ಮಗಳ ಮನೆ ಕೆಲಸಕ್ಕೆ ಸ್ವಲ್ಪ ಆಸರೆಯಾಗೋಣ ಅಂತ ಬಂದೆ’ ಎಂದು ತಾಯಿ ಪ್ರೀತಿಯಿಂದ ಹೇಳುವ ಮಾತನ್ನು ಅರ್ಧಂಬರ್ಧ ಇಂಗ್ಲಿಷಿಗೆ ತಿರುಗಿಸಿದರೆ ‘ಕೆಲಸ ಮಾಡಲು ಬಂದೆ’ ಎಂದಾಗುತ್ತದೆ. ಪ್ರವಾಸಿ ವೀಸಾದಲ್ಲಿ ಬಂದವರು ಅಲ್ಲಿ ದುಡಿಯುವಂತಿಲ್ಲ. ಆ ಒಂದು ಶಬ್ದ ಕಿವಿಗೆ ಬಿದ್ದರೆ ಅಧಿಕಾರಿಯ ಪೆನ್ನು ನಿಲ್ಲುತ್ತದೆ.

ಇನ್ನೂ ಸೂಕ್ಷ್ಮವಾದದ್ದು ‘ನೋಡುವುದು’ ಮತ್ತು ‘ನೋಡಿಕೊಳ್ಳುವುದು’ ಇವುಗಳ ನಡುವಿನ ವ್ಯತ್ಯಾಸ. ಮೊಮ್ಮಗುವನ್ನು ನೋಡಲು ಬರುವುದು ಭೇಟಿ. ಮಗುವನ್ನು ನೋಡಿಕೊಳ್ಳಲು ಬರುವುದೆಂದರೆ, ಅಲ್ಲಿ ಅದಕ್ಕೆ ದುಡ್ಡು ಕೊಟ್ಟು ಜನರನ್ನು ಇಟ್ಟುಕೊಳ್ಳುವುದರಿಂದ, ಒಂದು ಉದ್ಯೋಗ. ನಮ್ಮ ತಾಯಂದಿರಿಗೆ ಈ ವ್ಯತ್ಯಾಸ ಹೊಳೆಯುವುದೂ ಇಲ್ಲ. ಬಾಣಂತನವೆಂದರೆ ಎರಡೂ ಸೇರಿದ್ದು. ಹಾಗೆಂದು ಸುಳ್ಳು ಹೇಳಬೇಕಾಗಿಲ್ಲ, ಹೇಳಲೂಬಾರದು. ‘ಮಗಳಿಗೆ ಹೆರಿಗೆ. ಅವಳ ಜೊತೆ ಇರಲು, ಮಗುವನ್ನು ನೋಡಲು ಬಂದಿದ್ದೇವೆ. ಇಂಥ ತಿಂಗಳು ಇಂಥ ತಾರೀಕು ಹಿಂದಿರುಗುತ್ತೇವೆ’ ಎಂದರೆ ಅದು ಪೂರ್ಣ ಸತ್ಯ. ಸಂಬಳ ಕೊಡುತ್ತಾರೆಯೇ ಎಂದು ಕೇಳಿದರೆ ಇಲ್ಲ ಎಂಬುದೂ ಸತ್ಯವೇ. ಆದರೆ ಪ್ರತಿ ವರ್ಷವೂ ಆರಾರು ತಿಂಗಳು ಹೋಗಿ ಇರುವವರು ಒಂದು ಮಾತು ನೆನಪಿಡಬೇಕು: ಇವರು ನಿಜವಾಗಿ ಎಲ್ಲಿಯ ನಿವಾಸಿಗಳು ಎಂಬ ಸಂಶಯ ಆಗ ಬಂದೇ ಬರುತ್ತದೆ. ಅದಕ್ಕೆ ಮಾತಿನ ಚಾತುರ್ಯ ಉತ್ತರವಲ್ಲ. ಭೇಟಿಗಳ ನಡುವೆ ಅಂತರವಿಡುವುದೇ ಉತ್ತರ.

ಇಂಗ್ಲಿಷ್ ಬಾರದಿದ್ದರೆ ಹಾಗೆಂದು ಮೊದಲೇ ಹೇಳುವುದು ಲೇಸು. ಅರ್ಥವಾಗದ ಪ್ರಶ್ನೆಗೆ ಮರ್ಯಾದೆಗೆಂದು ತಲೆಯಾಡಿಸುವ ನಮ್ಮ ಅಭ್ಯಾಸ ಅಲ್ಲಿ ಅಪಾಯಕಾರಿ. ಅರ್ಥವಾಗದೆ ‘ಎಸ್’ ಎಂದ ಪ್ರಶ್ನೆ ‘ಇಲ್ಲಿ ದುಡಿಯುತ್ತೀರಾ?’ ಎಂಬುದಾಗಿರಬಹುದು. ಗಂಡ ಹೆಂಡತಿ ಒಟ್ಟಿಗೆ ಬಂದಿದ್ದರೆ ಗೂಡಿನ ಮುಂದೆಯೂ ಒಟ್ಟಿಗೇ ಹೋಗಬೇಕು. ಹಿಂದಿರುಗುವ ದಿನದ ಬಗ್ಗೆ ಯಜಮಾನರು ಮೂರು ತಿಂಗಳೆಂದು, ಮನೆಯವರು ಆರು ತಿಂಗಳೆಂದು ಹೇಳಿದರೆ ಏಂಜೆಲ್ ಐಲೆಂಡಿನ ಕಥೆಯೇ ಮರುಕಳಿಸಿದಂತೆ.

ಕೈಚೀಲದಲ್ಲಿ ಇರಬೇಕಾದದ್ದು

ಕಾಗದಪತ್ರಗಳನ್ನು ದೊಡ್ಡ ಪೆಟ್ಟಿಗೆಯಲ್ಲಿ ಭದ್ರವಾಗಿಡುವುದು ನಮ್ಮ ಹಿರಿಯರ ರೂಢಿ. ಪೆಟ್ಟಿಗೆ ಕೈಗೆ ಸಿಗುವುದು ವಲಸೆ ತಪಾಸಣೆ ಮುಗಿದ ಮೇಲೆ. ಆದ್ದರಿಂದ ಪಾಸ್‌ಪೋರ್ಟ್, ಹಿಂದಿರುಗುವ ಟಿಕೆಟ್ಟಿನ ಪ್ರತಿ, ಮಗಳು ಅಳಿಯಂದಿರ ವಿಳಾಸ, ದೂರವಾಣಿ ಸಂಖ್ಯೆ, ಅವರ ವೀಸಾ ಅಥವಾ ಗ್ರೀನ್ ಕಾರ್ಡಿನ ಪ್ರತಿ, ಆರೋಗ್ಯ ವಿಮೆಯ ಕಾಗದ ಇವಿಷ್ಟೂ ಒಂದು ಕಡತದಲ್ಲಿ, ಕೈಚೀಲದಲ್ಲೇ ಇರಬೇಕು. ಮೊಬೈಲಿನಲ್ಲಿದ್ದರೆ ಸಾಲದು. ದೀರ್ಘ ಪ್ರಯಾಣದ ಕೊನೆಗೆ ಅದರ ಬ್ಯಾಟರಿ ಇರುವುದು ಖಾತ್ರಿಯಲ್ಲ. ಊರಿನಲ್ಲಿ ಮನೆ, ಪಿಂಚಣಿ, ಇತರ ಮಕ್ಕಳು ಇರುವುದು ಹಿಂದಿರುಗುವ ಉದ್ದೇಶಕ್ಕೆ ಒಳ್ಳೆಯ ಸಾಕ್ಷಿ. ಆದರೆ ಕೇಳದೆ ಯಾವ ಕಾಗದವನ್ನೂ ಮುಂದೆ ಚಾಚಬಾರದು. ಕೇಳಿದ್ದಕ್ಕಷ್ಟೆ ಉತ್ತರ, ಕೇಳಿದಷ್ಟೇ ಕಾಗದ.

ನಡೆಯಲು ಕಷ್ಟವಾಗುವವರಿಗೆ ಟಿಕೆಟ್ ಮಾಡಿಸುವಾಗಲೇ ಗಾಲಿಕುರ್ಚಿ ಕೇಳಿಟ್ಟರೆ, ಉದ್ದನೆಯ ಸಾಲಿನಲ್ಲಿ ನಿಲ್ಲುವ ಕಷ್ಟ ಕಡಿಮೆಯಾಗುತ್ತದೆ, ದಾರಿ ತೋರಿಸಲು ಒಬ್ಬರು ಜೊತೆಗಿರುತ್ತಾರೆ. ದಾರಿಯಲ್ಲಿ ಅಮೆರಿಕದ ಬೇರೊಂದು ಊರಿನಲ್ಲಿ ವಿಮಾನ ಬದಲಿಸಬೇಕಾಗಿದ್ದರೆ, ಮೊದಲು ಇಳಿದ ಊರಿನಲ್ಲೇ ಎರಡೂ ತಪಾಸಣೆ ಮುಗಿಯುತ್ತದೆ. ಅಲ್ಲಿ ಪೆಟ್ಟಿಗೆಗಳನ್ನು ಪಡೆದು ಮತ್ತೆ ಒಪ್ಪಿಸಬೇಕು. ಅಬುಧಾಬಿಯ ಮೂಲಕ ಹೋಗುವವರದು ಇನ್ನೊಂದು ವಿಶೇಷ. 2014ರಿಂದ ಅಮೆರಿಕದ ಅಧಿಕಾರಿಗಳು ಅಲ್ಲಿಯೇ ಕುಳಿತು, ವಿಮಾನ ಹತ್ತುವ ಮೊದಲೇ ತಪಾಸಣೆ ಮುಗಿಸುತ್ತಾರೆ.

ಹತ್ತು ವರ್ಷವಲ್ಲ

ಭಾರತೀಯರಿಗೆ ಅಮೆರಿಕ ಕೊಡುವ ಪ್ರವಾಸಿ ವೀಸಾದ ಮೇಲೆ ಸಾಮಾನ್ಯವಾಗಿ ಹತ್ತು ವರ್ಷದ ಅವಧಿ ಮುದ್ರಿತವಾಗಿರುತ್ತದೆ. ‘ಹತ್ತು ವರ್ಷದ ವೀಸಾ ಸಿಕ್ಕಿದೆ’ ಎಂದು ಸಂಭ್ರಮಿಸುವವರು ಅದರ ಅರ್ಥವನ್ನು ತಿಳಿಯಬೇಕು. ವೀಸಾ ಎಂದರೆ ಬಾಗಿಲ ತನಕ ಬರಲು ಅನುಮತಿ. ಒಳಗೆ ಬಿಡುವವನು, ಎಷ್ಟು ದಿನವೆಂದು ನಿರ್ಧರಿಸುವವನು ಗೂಡಿನಲ್ಲಿರುವ ಅಧಿಕಾರಿ. ಬೆರಳಚ್ಚು, ಭಾವಚಿತ್ರ ತೆಗೆದುಕೊಂಡ ಮೇಲೆ ಅವನು ಕೊಡುವ ಅವಧಿ ಬಹುಮಟ್ಟಿಗೆ ಆರು ತಿಂಗಳು. ಅದು ಐ-94 ಎಂಬ ದಾಖಲೆಯಲ್ಲಿ ಸೇರುತ್ತದೆ. ಹಿಂದೆ ಇದು ಪಾಸ್‌ಪೋರ್ಟಿಗೆ ಅಂಟಿಸುವ ಬಿಳಿ ಚೀಟಿಯಾಗಿತ್ತು. ವಿಮಾನದಲ್ಲಿ ಬರುವವರಿಗೆ 2013ರಿಂದ ಕಂಪ್ಯೂಟರಿನಲ್ಲೇ ದಾಖಲಾಗುತ್ತದೆ. ಮಗಳ ಮನೆ ಸೇರಿದ ವಾರದೊಳಗೆ ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಆ ತಾರೀಕನ್ನು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಬೇಕು.

ಆ ತಾರೀಕನ್ನು ಒಂದು ದಿನ ಮೀರಿದರೂ ಹತ್ತು ವರ್ಷದ ವೀಸಾ ರದ್ದಾಗುತ್ತದೆ. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಟರೆ ಮೂರು ವರ್ಷ, ಒಂದು ವರ್ಷ ಅಥವಾ ಹೆಚ್ಚು ಉಳಿದರೆ ಹತ್ತು ವರ್ಷ ಮತ್ತೆ ಪ್ರವೇಶವಿಲ್ಲ. ಇದು 1996ರ ಕಾನೂನು. ಕಾಯಿಲೆ ಮೊದಲಾದ ಕಾರಣಗಳಿಂದ ಇನ್ನಷ್ಟು ದಿನ ಇರಲೇಬೇಕಾದರೆ ಅವಧಿ ಮುಗಿಯುವ ಮೊದಲೇ ಅರ್ಜಿ ಹಾಕಿಕೊಳ್ಳಬೇಕು.

ಕರಿಬೇವಿನ ಅಪರಾಧ

ಈಗ ಎರಡನೆಯ ಪ್ರಶ್ನೆಗೆ ಬರೋಣ. ಬಾಣಂತನಕ್ಕೆ ಹೊರಟ ತಾಯಿಯ ಪೆಟ್ಟಿಗೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಮೆಂತ್ಯದ ಹಿಟ್ಟು, ಅಂಟಿನುಂಡೆ, ಹಪ್ಪಳ, ಸಂಡಿಗೆ, ಮಾವಿನ ಮಿಡಿ ಉಪ್ಪಿನಕಾಯಿ. ಸಂದಿಯಲ್ಲಿ ಒದ್ದೆಬಟ್ಟೆಯಲ್ಲಿ ಸುತ್ತಿದ ನಾಲ್ಕು ಎಸಳು ಕರಿಬೇವು. ಇಷ್ಟು ಸಾಮಾನಿನಲ್ಲಿ ಅಧಿಕಾರಿ ಬೆಚ್ಚಿಬೀಳುವುದು ಆ ಕರಿಬೇವನ್ನು ಕಂಡು.

ಕಾರಣವಿದೆ. ಕರಿಬೇವು ಸಸ್ಯಶಾಸ್ತ್ರದ ಪ್ರಕಾರ ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡ. ಅದರ ಚಿಗುರಿನ ಮೇಲೆ ಸಾಸಿವೆ ಕಾಳಿಗಿಂತ ತುಸು ದೊಡ್ಡದಾದ ಒಂದು ಜಿಗಿಹುಳು ಮೊಟ್ಟೆಯಿಡುತ್ತದೆ. ಈ ಹುಳು ಕಿತ್ತಳೆ ಜಾತಿಯ ಮರಗಳಿಗೆ ಒಂದು ಬ್ಯಾಕ್ಟೀರಿಯಾವನ್ನು ಅಂಟಿಸುತ್ತದೆ. ರೋಗ ತಗುಲಿದ ಮರದ ಹಣ್ಣು ಸೊಟ್ಟಗಾಗಿ, ಹಸಿರಾಗಿಯೇ ಉಳಿದು, ಕಹಿಯಾಗುತ್ತದೆ. ಮರ ಕ್ರಮೇಣ ಸಾಯುತ್ತದೆ. ಇದನ್ನು ವಾಸಿಮಾಡುವ ಮದ್ದು ಇಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1998ರಲ್ಲಿ ಹುಳು, 2005ರಲ್ಲಿ ರೋಗ ಕಾಣಿಸಿಕೊಂಡವು. 1997-98ರಲ್ಲಿ 24 ಕೋಟಿ ಪೆಟ್ಟಿಗೆಗೂ ಹೆಚ್ಚು ಕಿತ್ತಳೆ ಬೆಳೆದ ಆ ರಾಜ್ಯ 2022-23ರಲ್ಲಿ ಬೆಳೆದದ್ದು ಸುಮಾರು 1.6 ಕೋಟಿ ಪೆಟ್ಟಿಗೆ. ಚಂಡಮಾರುತಗಳ ಪಾಲೂ ಇದರಲ್ಲಿದೆ, ಆದರೆ ತೋಟಗಳ ಬೆನ್ನು ಮುರಿದದ್ದು ಈ ರೋಗ. ಕ್ಯಾಲಿಫೋರ್ನಿಯಾದಲ್ಲಿ 2012ರಲ್ಲಿ ಲಾಸ್ ಏಂಜಲೀಸ್ ಬಳಿಯ ಮನೆಯೊಂದರ ಹಿತ್ತಲಿನ ಮರದಲ್ಲಿ ರೋಗ ಪತ್ತೆಯಾಯಿತು. ಅಂದಿನಿಂದ ಅಲ್ಲಿನ ಕಿತ್ತಳೆ ಬೆಳೆಗಾರನಿಗೆ ನಿದ್ದೆಯಿಲ್ಲ. ಕೊಡಗಿನ ಕಿತ್ತಳೆಯ ವೈಭವ ಇಳಿದುಹೋದದ್ದನ್ನು ಕಂಡ ನಮಗೆ ಅವನ ಸಂಕಟ ಅರ್ಥವಾಗದ್ದೇನಲ್ಲ. ಕರಿಬೇವಂತೂ ಅಲ್ಲಿನ ಭಾರತೀಯ ಅಂಗಡಿಗಳಲ್ಲೇ ಸಿಗುತ್ತದೆ. ಇಲ್ಲಿಂದ ಒಯ್ಯುವ ಅಗತ್ಯವೇ ಇಲ್ಲ.

ಅಕ್ಕಿಯದೂ ಇಂಥದೇ ಕಥೆ. ಮಗಳಿಗೆ ಸೋನಾ ಮಸೂರಿ ಇಷ್ಟವೆಂದು ಐದು ಸೇರು ಕಟ್ಟಿಕೊಂಡು ಹೋದರೆ ಅದು ನಿಲ್ದಾಣದಲ್ಲೇ ಉಳಿಯುತ್ತದೆ. ಕಾಳುಕಡಿಯನ್ನು ತಿನ್ನುವ ‘ಖಪ್ರಾ’ ಎಂಬ ಹುಳುವಿನ ಭಯ ಇದಕ್ಕೆ ಕಾರಣ. ಹೆಸರೇ ಹೇಳುವಂತೆ ಅದು ನಮ್ಮ ಕಡೆಯದು. ಇದರ ಮರಿಹುಳು ಆಹಾರವಿಲ್ಲದೆ ವರ್ಷಗಟ್ಟಲೆ ಬಿರುಕಿನಲ್ಲಿ ಅಡಗಿ ಬದುಕಬಲ್ಲದು. 1953ರಲ್ಲಿ ಕ್ಯಾಲಿಫೋರ್ನಿಯಾದ ಉಗ್ರಾಣದಲ್ಲಿ ಇದು ಪತ್ತೆಯಾದಾಗ, ಅದನ್ನು ನಿರ್ಮೂಲ ಮಾಡಲು 1966ರವರೆಗೆ ಹೆಣಗಬೇಕಾಯಿತು. ಹಸಿ ಹಣ್ಣು, ತರಕಾರಿ, ಮಾಂಸ ಒಯ್ಯುವಂತಿಲ್ಲ. ಹಿತ್ತಲಲ್ಲಿ ಹಾಕಲು ಸೊಪ್ಪಿನ ಬೀಜ, ಕುಂಡದಲ್ಲಿ ನೆಡಲು ತುಳಸಿ ಸಸಿ, ತವರಿನ ಹಿಡಿ ಮಣ್ಣು ಇವುಗಳಿಗೂ ಹಾಗೆಯೇ ಒಳಗೆ ಬಿಡುವುದಿಲ್ಲ. ನಮ್ಮ ಮಾವಿನ ಹಣ್ಣಿಗೆ 1989ರಿಂದ ಇದ್ದ ತಡೆ 2007ರಲ್ಲಿ ತೆರವಾಯಿತು ನಿಜ. ಅದು ವಿಕಿರಣದಿಂದ ಸಂಸ್ಕರಿಸಿ ವ್ಯಾಪಾರಕ್ಕೆ ಕಳಿಸುವ ಹಣ್ಣಿಗೆ, ಪೆಟ್ಟಿಗೆಯಲ್ಲಿ ಒಯ್ಯುವ ಬಾದಾಮಿ ಮಾವಿಗಲ್ಲ.

ದಾರಿಯಲ್ಲಿ ಸಿಗುವ ದೇಶದ ಕಾನೂನನ್ನೂ ಮರೆಯಬಾರದು. ಗಸಗಸೆ ಪಾಯಸವಿಲ್ಲದೆ ನಮ್ಮಲ್ಲಿ ಹಬ್ಬವಿಲ್ಲ. ಆದರೆ ಅಫೀಮಿನ ಗಿಡದ ಬೀಜವಾದ ಗಸಗಸೆ ದುಬೈ, ಅಬುಧಾಬಿಗಳಿರುವ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ನಿಷಿದ್ಧ. ಆ ಮಾರ್ಗವಾಗಿ ಹೋಗುವವರು ಅದನ್ನು ಮನೆಯಲ್ಲೇ ಬಿಡುವುದು ಕ್ಷೇಮ.

ಇದ್ದದ್ದನ್ನು ಹೇಳುವುದು

ಇಷ್ಟೆಲ್ಲ ಕೇಳಿ ಹೆದರಬೇಕಾಗಿಲ್ಲ. ಈ ಲೇಖನದ ಸಾರವಾಗಿ ಒಂದೇ ಮಾತು ನೆನಪಿಡಬೇಕಾದರೆ ಅದು ಇದು: ನಿಷಿದ್ಧ ವಸ್ತುವನ್ನು ತಂದು ‘ತಂದಿದ್ದೇನೆ’ ಎಂದರೆ ಅದನ್ನು ತೆಗೆದು ಕಸಕ್ಕೆ ಹಾಕುತ್ತಾರೆ, ನಿಮ್ಮನ್ನು ಕಳಿಸಿಕೊಡುತ್ತಾರೆ. ತಂದು ‘ತಂದಿಲ್ಲ’ ಎಂದರೆ ದಂಡ. ವ್ಯಾಪಾರಕ್ಕಲ್ಲದ ಅಲ್ಪ ವಸ್ತುವಾದರೂ ಮೊದಲ ತಪ್ಪಿಗೆ ಸಾವಿರ ಡಾಲರಿನವರೆಗೆ ಹಾಕಬಹುದು. ಅಂದರೆ ದಂಡ ತೆರುವುದು ಕರಿಬೇವಿಗಲ್ಲ, ‘ಇಲ್ಲ’ ಎಂಬ ಮಾತಿಗೆ.

ಮೊದಲು ವಿಮಾನದಲ್ಲೇ ನೀಲಿ ಕಾಗದವೊಂದನ್ನು ಕೊಟ್ಟು ಗುರುತುಹಾಕಿಸುತ್ತಿದ್ದರು. ಈಗ ಹಲವೆಡೆ ಬಾಯಲ್ಲೇ ಕೇಳುತ್ತಾರೆ. ‘ಫುಡ್ ಇದೆಯೇ?’ ಎಂದರೆ ನಮ್ಮವರಿಗೆ ಊಟ, ತಿಂಡಿ ನೆನಪಾಗಿ ‘ಇಲ್ಲ’ ಎಂದುಬಿಡುತ್ತಾರೆ. ಚಟ್ನಿ ಪುಡಿಯೂ ಫುಡ್, ಹಪ್ಪಳವೂ ಫುಡ್. ‘ಇದೆ, ಮಸಾಲೆ ಪುಡಿ, ಉಪ್ಪಿನಕಾಯಿ, ಸಿಹಿ’ ಎಂದು ಹೇಳಬೇಕು. ಹೊರಡುವ ಮೊದಲೇ ಇವುಗಳ ಪಟ್ಟಿಯನ್ನು ಮಗಳಿಂದ ಇಂಗ್ಲಿಷಿನಲ್ಲಿ ಬರೆಸಿ ಇಟ್ಟುಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು. ಹಳೆಯ ಹಾರ್ಲಿಕ್ಸ್ ಡಬ್ಬಿಯಲ್ಲಿ ಹೆಸರಿಲ್ಲದ ಬಿಳಿ ಪುಡಿ ತುಂಬಿ ಒಯ್ಯುವುದಕ್ಕಿಂತ ಮೇಲೆ ಚೀಟಿ ಅಂಟಿಸಿದ ಪೊಟ್ಟಣ ಲೇಸು. ಮೇಜಿನ ಅಧಿಕಾರಿಯ ಕಣ್ಣು ತಪ್ಪಿಸಿದರೂ ಅಲ್ಲಿ ಓಡಾಡುವ ಬೀಗಲ್ ನಾಯಿಗಳ ಮೂಗನ್ನು ತಪ್ಪಿಸಲಾಗದು. ಹಣ್ಣು, ಮಾಂಸಗಳ ವಾಸನೆ ಹಿಡಿಯಲು ಪಳಗಿಸಿದ ಈ ನಾಯಿಗಳನ್ನು 1984ರಲ್ಲಿ ಲಾಸ್ ಏಂಜಲೀಸ್ ನಿಲ್ದಾಣದಲ್ಲಿ ಮೊದಲು ಬಳಸಿದರು.

ಹಣದ ವಿಷಯದಲ್ಲೂ ಇದೇ ನ್ಯಾಯ. ಹತ್ತು ಸಾವಿರ ಡಾಲರಿಗಿಂತ ಹೆಚ್ಚು ಒಯ್ಯುವುದು ಅಲ್ಲಿ ಅಪರಾಧವಲ್ಲ, ಹೇಳದಿರುವುದು ಅಪರಾಧ. ಕುಟುಂಬ ಒಟ್ಟಿಗೆ ಹೋದಾಗ ಎಲ್ಲರ ಹಣವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಒಡವೆ ಹಾಕಿಕೊಂಡು ಹೋಗುವವರಿಗೆ ತೊಂದರೆ ಬರುವುದು ಹಿಂದಿರುಗುವಾಗ, ನಮ್ಮದೇ ಕಟ್ಟೆಯಲ್ಲಿ. ಇದು ಇಲ್ಲಿಂದಲೇ ಒಯ್ದ ಬಳೆ ಎಂದು ತೋರಿಸಲು, ಹೊರಡುವಾಗಲೇ ಇಲ್ಲಿನ ಕಸ್ಟಮ್ಸ್ ಕಚೇರಿಯಿಂದ ರಫ್ತು ಪ್ರಮಾಣಪತ್ರ ಪಡೆಯುವ ಅವಕಾಶವಿದೆ. ಔಷಧಗಳನ್ನು ಅವುಗಳ ಮೂಲ ಪೊಟ್ಟಣದಲ್ಲೇ, ವೈದ್ಯರ ಚೀಟಿಯ ಜೊತೆ ಒಯ್ಯಬೇಕು. ಬಾಣಂತಿ ಲೇಹ್ಯ, ಭಸ್ಮಗಳ ಬಗ್ಗೆ ಅಲ್ಲಿ ಎಚ್ಚರಿಕೆ ಹೆಚ್ಚು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ ಸುತ್ತಿನ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಔಷಧಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು. ಹಾಲೂಡಿಸುವ ಮಗಳಿಗೆ ಕೊಡುವ ಮೊದಲು ಅವಳ ವೈದ್ಯರನ್ನು ಕೇಳುವುದು ವಿವೇಕ.

ಒಳಕೋಣೆಗೆ ಕರೆದರೆ

ಕೆಲವೊಮ್ಮೆ ಅಧಿಕಾರಿ ಪಾಸ್‌ಪೋರ್ಟನ್ನು ಇಟ್ಟುಕೊಂಡು, ಪಕ್ಕದ ಕೋಣೆಯಲ್ಲಿ ಕೂರಲು ಹೇಳುತ್ತಾನೆ. ಎದೆ ಧಸಕ್ಕೆನ್ನುವುದು ಸಹಜ. ಆದರೆ ಅದು ಬಂಧನವಲ್ಲ. ಹೆಸರಿನ ಗೊಂದಲವಿರಬಹುದು, ಹಿಂದಿನ ಭೇಟಿಯ ದಾಖಲೆ ನೋಡಬೇಕಿರಬಹುದು. ನಮ್ಮಲ್ಲಿ ಊರ ಹೆಸರು, ತಂದೆಯ ಹೆಸರು ಎಲ್ಲವೂ ಸೇರಿದ ಹೆಸರುಗಳಿರುವುದರಿಂದ ಟಿಕೆಟ್ಟಿನಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ರೀತಿ ಇರದಂತೆ ಮೊದಲೇ ನೋಡಿಕೊಳ್ಳಬೇಕು. ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿಸಬಹುದು, ಮೊಬೈಲನ್ನೂ ನೋಡಬಹುದು. ಆಗ ಕಥೆ ಬದಲಿಸಬಾರದು. ಗೂಡಿನಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಬೇಕು.

ಏಕೆಂದರೆ ಅಲ್ಲಿ ಕಳೆದುಕೊಳ್ಳುವುದು ಒಂದು ಪ್ರಯಾಣವನ್ನಷ್ಟೇ ಅಲ್ಲ. 1996ರ ಕಾನೂನಿನ ಪ್ರಕಾರ ನ್ಯಾಯಾಲಯಕ್ಕೆ ಹೋಗದೆಯೇ ಅಧಿಕಾರಿ ಹಿಂದಿರುಗಿಸುವ ಆದೇಶ ಹೊರಡಿಸಬಹುದು. ಹಾಗಾದರೆ ಐದು ವರ್ಷ ಪ್ರವೇಶವಿಲ್ಲ. ಪ್ರವೇಶಕ್ಕಾಗಿ ಮುಖ್ಯ ವಿಷಯದಲ್ಲಿ ಬೇಕೆಂದೇ ಸುಳ್ಳು ಹೇಳಿದರೆಂದು ದಾಖಲಾದರೆ, ವಿಶೇಷ ವಿನಾಯಿತಿ ಸಿಕ್ಕಿದ ಹೊರತು, ಜೀವನಪೂರ್ತಿ ಬಾಗಿಲು ಮುಚ್ಚಿದಂತೆ. ಅರವತ್ತೈದರ ತಾಯಿಗೆ ಐದು ವರ್ಷ ಎಂದರೆ ಮೊಮ್ಮಗುವಿನ ತೊದಲು ಮಾತು, ಮೊದಲ ಹೆಜ್ಜೆ, ಶಾಲೆಯ ಮೊದಲ ದಿನ ಎಲ್ಲವೂ ಕಳೆದುಹೋಗಿರುತ್ತವೆ.

ನಮ್ಮ ಗಾದೆ ಸುಂಕದವನ ಕಲ್ಲೆದೆಯನ್ನು ಆಡಿಕೊಂಡಿತು. ಆದರೆ ಅದರಲ್ಲಿ ಪ್ರಯಾಣಿಕನಿಗೂ ಒಂದು ಬುದ್ಧಿಮಾತು ಇದೆ. ಮಗಳು ಎಂಟನೆಯ ತಿಂಗಳಲ್ಲೂ ಒಬ್ಬಳೇ ಕಾರು ಓಡಿಸುತ್ತಾಳೆ, ಅಳಿಯನಿಗೆ ರಜೆಯಿಲ್ಲ, ಬೀಗರಿಗೆ ಮಂಡಿ ನೋವು ಎಂಬುದೆಲ್ಲ ಹೊರಗೆ ಕಾಯುತ್ತಿರುವವಳ ಬಳಿ ಆಡಬೇಕಾದ ಮಾತು. ಗೂಡಿನಲ್ಲಿರುವವನಿಗೆ ಬೇಕಾದದ್ದು ಯಾರು, ಏಕೆ, ಎಷ್ಟು ದಿನ, ಪೆಟ್ಟಿಗೆಯಲ್ಲಿ ಏನು ಎಂಬ ನಾಲ್ಕು ನೇರ ಉತ್ತರಗಳು ಮಾತ್ರ. ಅವನ್ನು ಹೇಳಿ ಮುಗಿಸಿದರೆ ಬಾಗಿಲು ತೆರೆಯುತ್ತದೆ. ಅದರಾಚೆ ಸುಖದುಃಖ ಹೇಳಿಕೊಳ್ಳಲು ಆರು ತಿಂಗಳಿದೆ.